ಎರಡು ಕೈ, ನಲವತ್ತು ಜನ

ಜನವರಿ 11

ಚಿಕ್ಕಮ್ಮನಿಗೆ,

ಮೊದಲ ಹಂತದ ತರಬೇತಿ ಮುಗಿಯಿತು. ಓಟದಲ್ಲಿ ಕೊನೆಯಿಂದ ನಾಲ್ಕನೆಯವಳು, ಆದರೂ ಪಾಸಾದೆ. ಕಾಲಿನ ಎರಡು ಉಗುರು ಹೋಗಿವೆ, ಮಿಕ್ಕಿದ್ದೆಲ್ಲ ಇದ್ದ ಜಾಗದಲ್ಲೇ ಇದೆ. ನನ್ನನ್ನು ಸೇನೆಯ ವೈದ್ಯಕೀಯ ವಿಭಾಗಕ್ಕೆ ಹಾಕಿದ್ದಾರೆ. ನೀವು ಹದಿನೆಂಟು ವರ್ಷ ಮಾಡಿದ ಕೆಲಸ.

ನಿನ್ನೆ ಒಂದು ಫಾರ್ಮು ಕೊಟ್ಟರು. ಅದರಲ್ಲಿ ಮೂರು ದಾರಿಗಳಿವೆ. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಸಹಾಯಕಿ, ರಕ್ತ ಪರೀಕ್ಷೆಯ ಲ್ಯಾಬು, ಇಲ್ಲವೇ ಪಡೆಯ ಜೊತೆಗೇ ಹೋಗಿ ಅಲ್ಲೇ ಇದ್ದು ಗಾಯ, ಜ್ವರ ನೋಡಿಕೊಳ್ಳುವ ಮೆಡಿಕ್. ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದು ಈ ತಿಂಗಳ ಕೊನೆಯೊಳಗೆ ಕೊಡಬೇಕು. ಇಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ರಾಗ. ನೀವು ಹೇಳಿ. ಯಾವುದನ್ನು ಹಿಡಿದರೆ ಮುಂದೆ ಓದಲು ದಾರಿಯಿದೆ?

ನಿಮಗೆ ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ. ನೀವಿಬ್ಬರೂ ಮಾತು ಬಿಟ್ಟಾಗ ನನಗೆ ಹದಿಮೂರು ವರ್ಷ. ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಹೊರಡುವ ದಿನ ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನಿನ್ನ ತಲೆ ಕೆಡಿಸಿದ್ದು ನಿನ್ನ ಚಿಕ್ಕಮ್ಮನ ಯೂನಿಫಾರ್ಮು" ಅಂದಳು. ಆಮೇಲೆ ಬಸ್ ನಿಲ್ದಾಣದವರೆಗೂ ಬಂದಳು.

ನಿಮ್ಮ
ಮೊಂಡಿ


ಜನವರಿ 19

ಮೊಂಡಿಗೆ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಕೆಲಸದಿಂದ ಬಂದಮೇಲೆ ಪೆನ್ನು ಹಿಡಿಯಲು ಬೆರಳು ಬಗ್ಗುವುದಿಲ್ಲ. ಇವತ್ತು ರಜೆ.

ಸಲಹೆ ಕೇಳುವ ಮೊದಲು, ಕೊಡುವವಳು ಈಗ ಎಲ್ಲಿದ್ದಾಳೆ ಅಂತ ತಿಳಿದುಕೋ. ಈ ಊರಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆ ಒಂದಿದೆ. ಒಂದೇ ಕಿಟಕಿ, ಅದರಾಚೆ ಸೈಕಲ್ ನಿಲ್ಲಿಸುವ ಜಾಗ. ಅಲ್ಲಿ ನಾನು ಸಹಾಯಕಿ. ಟ್ರೇ ತೊಳೆಯುತ್ತೇನೆ, ಹತ್ತಿ ಕತ್ತರಿಸುತ್ತೇನೆ, ಸರತಿಯಲ್ಲಿ ನಿಂತವರ ಹೆಸರು ಕೂಗುತ್ತೇನೆ. ಸೂಜಿ ಮುಟ್ಟುವ ಹಾಗಿಲ್ಲ. ಸೇನೆಯಲ್ಲಿ ಓಡುವ ಗಾಡಿಯೊಳಗೆ ನರ ಹುಡುಕಿ ಡ್ರಿಪ್ ಹಾಕಿದವಳು ನಾನು. ಇಲ್ಲಿ ಅದಕ್ಕೆ ಕಾಗದ ಇಲ್ಲ. ಹದಿನೆಂಟು ವರ್ಷದ ಕೆಲಸಕ್ಕೆ ಅವರು ಕೊಟ್ಟಿದ್ದು ಒಂದು ಹಾಳೆ. ಅದರಲ್ಲಿ 'ನಡತೆ ಉತ್ತಮ' ಅಂತ ಬರೆದಿದೆ. ನಡತೆಯಿಂದ ಯಾರೂ ನರ್ಸ್ ಆಗುವುದಿಲ್ಲ. ನನಗೆ ಮಗಳಾಗಬಹುದಾದ ವಯಸ್ಸಿನ ನರ್ಸ್ ಒಬ್ಬಳಿದ್ದಾಳೆ. ನರ ಸಿಗದಿದ್ದಾಗ ಬಾಗಿಲು ಮುಂದೆ ಮಾಡಿ, "ಅಕ್ಕಾ, ಒಂಚೂರು ನೋಡಿ" ಅನ್ನುತ್ತಾಳೆ. ನಾನು ಬೆರಳಿಟ್ಟು ತೋರಿಸುತ್ತೇನೆ, ಅವಳು ಚುಚ್ಚುತ್ತಾಳೆ.

ಆದ್ದರಿಂದ ಆಪರೇಷನ್ ಕೋಣೆಯನ್ನೇ ಮೊದಲು ಬರೆ. ಅಲ್ಲಿ ಕಲಿತದ್ದಕ್ಕೆ ಹೊರಗೂ ಬೆಲೆಯಿದೆ, ಹತ್ತಿರದಲ್ಲೇ ನರ್ಸಿಂಗ್ ಶಾಲೆಯೂ ಇರುತ್ತದೆ. ಮೆಡಿಕ್ ಆಗಿ ಪಡೆಯ ಜೊತೆ ಹೋದರೆ ಎಲ್ಲವನ್ನೂ ಕಲಿಯುತ್ತೀಯ, ಯಾವುದನ್ನೂ ತೋರಿಸಲಾರೆ. ಎಲ್ಲಿಗೆ ಹಾಕಿದರೂ ಒಂದು ಪುಸ್ತಕ ಇಡು. ಇಂಥ ದಿನ ಇಂಥದ್ದು ಕಲಿತೆ, ಇಷ್ಟು ಹೊಲಿಗೆ ಹಾಕಿದೆ ಅಂತ ಬರೆದು, ಆವತ್ತೇ ಮೇಲಿನವರ ಸಹಿ ಮಾಡಿಸು. ನಾಳೆ ಅಂದರೆ ಅವರಿಗೆ ವರ್ಗವಾಗಿರುತ್ತದೆ. ಅಕ್ಷರ ಓದುವ ಹಾಗೆ ಬರೆ. ನಿನ್ನದು ಕಾಗೆ ಕಾಲು, ನಿನ್ನ ಅಮ್ಮನದೂ ಹಾಗೆಯೇ.

ಮತ್ತೆ, ಕಾಲು. ಗುಂಡು, ಬಾಂಬು ಅಂತ ಕನಸು ಕಾಣುತ್ತಿದ್ದರೆ ಬಿಟ್ಟುಬಿಡು. ಸೈನ್ಯ ಅಂದರೆ ಒದ್ದೆ ಕಾಲುಚೀಲ. ಮೊದಲ ವರ್ಷ ನೀನು ನೋಡುವುದು ಬರೀ ಗುಳ್ಳೆ.

ಅಕ್ಕ ಹೇಗಿದ್ದಾಳೆ ಅಂತ ಕೇಳುವುದಿಲ್ಲ. ನೀನೇ ಬರೆದರೆ ಓದುತ್ತೇನೆ.

ಚಿಕ್ಕಮ್ಮ


ಮಾರ್ಚ್ 23

ಚಿಕ್ಕಮ್ಮನಿಗೆ,

ತಡವಾಯಿತು, ಬೇಸರ ಬೇಡ. ನೀವು ಹೇಳಿದ ಹಾಗೆಯೇ ಬರೆದುಕೊಟ್ಟೆ. ಆದರೂ ಪಡೆಯ ಮೆಡಿಕ್ ಕೆಲಸಕ್ಕೇ ಹಾಕಿದರು.

ಬೆಳಿಗ್ಗೆ ಪಾಠ, ಮಧ್ಯಾಹ್ನ ಒಬ್ಬರ ಕೈಗೆ ಇನ್ನೊಬ್ಬರು ಚುಚ್ಚುವುದು. ನನ್ನ ಎಡಗೈ ಪೂರ್ತಿ ನೀಲಿ. ನನ್ನ ಜೊತೆಯವಳು ಸೂಜಿ ಕಂಡರೆ ಕಣ್ಣು ಮುಚ್ಚುತ್ತಾಳೆ. ಚುಚ್ಚಿಸಿಕೊಳ್ಳುವಾಗಲ್ಲ, ಚುಚ್ಚುವಾಗ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ರಕ್ತ ನಿಲ್ಲಿಸುವ ಪಟ್ಟಿಯನ್ನು ತೊಡೆಗೆ ಬಿಗಿಯುವುದನ್ನು ಮೂವತ್ತು ಎಣಿಸುವುದರೊಳಗೆ ಮುಗಿಸಬೇಕು. ನಾನು ಇಪ್ಪತ್ತೆರಡಕ್ಕೆ ಮುಗಿಸುತ್ತೇನೆ. ಕಲಿಸುವ ಮೇಷ್ಟ್ರು ಇನ್ನೊಮ್ಮೆ ಮಾಡು ಅಂದರು. ಅವರ ಮಟ್ಟಿಗೆ ಅದೇ ಹೊಗಳಿಕೆಯಂತೆ.

ಪುಸ್ತಕ ಇಟ್ಟಿದ್ದೇನೆ. ಹನ್ನೊಂದು ಸಹಿ ಆಗಿದೆ.

ಅಮ್ಮನಿಗೆ ಕಣ್ಣು ಮಂಜಾಗುತ್ತಿದೆಯಂತೆ. ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಾಳಂತೆ. ನೀವು ಕೇಳಲಿಲ್ಲ, ನಾನೇ ಬರೆದೆ.

ಮೊಂಡಿ


ಜೂನ್ 14

ಚಿಕ್ಕಮ್ಮನಿಗೆ,

ಗುಡ್ಡದ ಮೇಲಿನ ಒಂದು ಠಾಣೆಗೆ ಬಂದು ಆರು ವಾರವಾಯಿತು. ನಲವತ್ತು ಜನ, ಒಬ್ಬಳೇ ಮೆಡಿಕ್. ಡಾಕ್ಟರು ಇರುವುದು ಕೆಳಗೆ, ಗಾಡಿಯಲ್ಲಿ ನಾಲ್ಕು ಗಂಟೆ ದಾರಿ. ವೈರ್‌ಲೆಸ್‌ನಲ್ಲಿ ಕೇಳಿದರೆ ಹೇಳುತ್ತಾರೆ, ಆದರೆ ಅರ್ಧ ಮಾತು ಗೊರಗೊರ ಸದ್ದಿನಲ್ಲೇ ಹೋಗುತ್ತದೆ.

ನನ್ನ ಕೋಣೆ ತಗಡಿನದು. ಒಂದು ಮಂಚ, ಒಂದು ಕಬ್ಬಿಣದ ಬೀರು, ಬಾಗಿಲಿಗೆ ಆತುಕೊಂಡು ಕೂರುವ ರೋಗಿಗಳು. ನೀವು ಹೇಳಿದ್ದು ಸರಿ, ಬರೀ ಕಾಲು. ನಡುವೆ ಒಂದು ಹಲ್ಲುನೋವು. ಅಡುಗೆಯವರಿಗೆ ಸಕ್ಕರೆ ಕಾಯಿಲೆ, ಮೇಲಿನವರಿಗೆ ಹೇಳಿಲ್ಲ. ಕೇಳಿದರೆ, "ಮೇಡಂ, ಹೇಳಿದ್ರೆ ಮನೆಗೆ ಕಳಿಸ್ತಾರೆ. ಮನೇಲಿ ಹೆಂಡ್ತಿ ಅಡುಗೆ ತಿನ್ನಬೇಕು" ಅಂತ ನಗಿಸಿ ಜಾರಿಕೊಳ್ಳುತ್ತಾರೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಮೇಡಂ ಅನ್ನುತ್ತಾರೆ.

ಒಂದು ವಿಷಯ. ಎರಡು ವರ್ಷದ ನರ್ಸಿಂಗ್ ಓದಿಗೆ ಪಡೆಯಿಂದ ಆಯ್ಕೆ ಮಾಡುತ್ತಾರಂತೆ. ಆಗಸ್ಟ್ 26ಕ್ಕೆ ಕೆಳಗಿನ ಪಟ್ಟಣದಲ್ಲಿ ಪರೀಕ್ಷೆ. ಠಾಣೆಯ ಅಧಿಕಾರಿಯನ್ನು ಕೇಳಿದೆ. "ಹೋಗು, ಬೇಡ ಅನ್ನಲ್ಲ. ಆದ್ರೆ ಇವರನ್ನೆಲ್ಲ ಯಾರು ನೋಡ್ಕೋತಾರೆ, ನೀನೇ ಹೇಳು" ಅಂದರು. ಮೊನ್ನೆ ಒಬ್ಬನಿಗೆ ಜ್ವರ ಏರಿದಾಗ ಇಡೀ ದಿನ ಅವನ ಪಕ್ಕದಲ್ಲೇ ಇದ್ದೆ. ಎದ್ದು ಹೊರಟರೆ, "ಎಲ್ಲಿಗೆ ಹೋಗ್ತೀರ" ಅಂತ ಕೇಳುತ್ತಿದ್ದ. ಇವರನ್ನು ಬಿಟ್ಟು ಹೋಗಲು ಮನಸ್ಸು ಬರುತ್ತಿಲ್ಲ.

ಮೊಂಡಿ


ಜುಲೈ 2

ಮೊಂಡಿಗೆ,

ನನಗೂ ಎರಡು ಸಲ ಆ ಓದಿಗೆ ಕರೆ ಬಂದಿತ್ತು. ಒಮ್ಮೆ ಇಪ್ಪತ್ತಾರರಲ್ಲಿ, ಒಮ್ಮೆ ಮೂವತ್ತೊಂದರಲ್ಲಿ. ಎರಡು ಸಲವೂ ಮೇಲಿನವರು ಇದೇ ಮಾತು ಹೇಳಿದರು, ಇವರನ್ನು ಯಾರು ನೋಡಿಕೊಳ್ಳುತ್ತಾರೆ ಅಂತ. ನಾನು ಹೋಗಲಿಲ್ಲ. ಕರ್ತವ್ಯ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದು ನನಗೆ ಹಿತವಾಗಿತ್ತು. ನಾನಿಲ್ಲದಿದ್ದರೆ ನಡೆಯುವುದಿಲ್ಲ ಅನ್ನಿಸಿಕೊಳ್ಳುವುದರಲ್ಲಿ ಒಂದು ಅಮಲಿದೆ. ಹದಿನೆಂಟು ವರ್ಷ ಆ ಅಮಲಿನಲ್ಲೇ ಇದ್ದೆ. ನಾನು ಬಿಟ್ಟು ಬಂದ ಮರುದಿನ ನನ್ನ ಸ್ಟೂಲಿನ ಮೇಲೆ ಬೇರೆಯವಳು ಕೂತಳು. ಯಾರ ಜ್ವರವೂ ಹೆಚ್ಚಾಗಲಿಲ್ಲ.

ಹೋಗಿ ಪರೀಕ್ಷೆ ಬರೆ. ಎರಡು ದಿನದ ಮಾತು. ಗುಡ್ಡ ಅಲ್ಲೇ ಇರುತ್ತದೆ. ಕೆಳಗಿನಿಂದ ಗಾಡಿ ಕಳಿಸಿ ಅಂತ ಬರವಣಿಗೆಯಲ್ಲಿ ಕೇಳು, ಬಾಯಿಮಾತಿನಲ್ಲಿ ಬೇಡ. ಈಚಿನ ವರ್ಷಗಳಲ್ಲಿ ನಾನು ಇಷ್ಟು ಒತ್ತಿ ಯಾರಿಗೂ ಏನನ್ನೂ ಹೇಳಿದವಳಲ್ಲ. ಹಿಂದೊಮ್ಮೆ ಹೇಳಿ ಸುಟ್ಟುಕೊಂಡಿದ್ದೇನೆ. ಆದರೂ ಹೇಳುತ್ತಿದ್ದೇನೆ.

ಅಡುಗೆಯವರಿಗೆ ದಿನಾ ಸಂಜೆ ಪಾದ ತೋರಿಸಲು ಹೇಳು. ಸಕ್ಕರೆ ಇರುವವರಿಗೆ ಗಾಯವಾದರೂ ನೋವು ತಿಳಿಯುವುದಿಲ್ಲ.

ಚಿಕ್ಕಮ್ಮ


ಸೆಪ್ಟೆಂಬರ್ 20

ತಂಗಿಗೆ,

ಆರು ವರ್ಷದ ಮೇಲೆ ಬರೀತಾ ಇದೀನಿ. ಅಕ್ಷರ ನೆಟ್ಟಗಿಲ್ಲ, ಕಣ್ಣು ಸರಿಯಿಲ್ಲ.

ಮಗಳ ಠಾಣೆ ಹತ್ತಿರ ಗಾಡಿ ಉರುಳಿತಂತೆ. ಒಬ್ಬ ಸತ್ತನಂತೆ. ಇವಳಿಗೆ ಏನೂ ಆಗಿಲ್ಲ ಅಂತ ಅವರ ಆಫೀಸಿನಿಂದ ಫೋನ್ ಮಾಡಿ ಹೇಳಿದರು. ಆಮೇಲೆ ಇವಳಿಂದ ಒಂದು ಸಾಲೂ ಇಲ್ಲ. ಫೋನ್ ಸಿಕ್ಕಾಗ "ಚೆನ್ನಾಗಿದೀನಿ ಅಮ್ಮ" ಅಂತ ಇಟ್ಟುಬಿಡುತ್ತಾಳೆ. ನಿನಗೆ ಬರೆದಿದ್ದಾಳಾ? ನೀವಿಬ್ಬರೂ ಕಾಗದ ಬರೆದುಕೊಳ್ಳುವುದು ನನಗೆ ಗೊತ್ತು. ನಿನ್ನ ಕಾಗದ ಒಂದು ಅವಳ ಚೀಲದಲ್ಲಿತ್ತು. ರಜೆಗೆ ಬಂದಾಗ ನೋಡಿದೆ. ಓದಲಿಲ್ಲ.

ಅಪ್ಪನ ವಿಷಯ ಎತ್ತಲು ಬರೆಯುತ್ತಿಲ್ಲ. ಆವತ್ತು ಎದೆ ಉರಿ ಅಂತಿದಾರೆ, ಏನು ಮಾಡಲಿ ಅಂತ ಫೋನ್ ಮಾಡಿದೆ. ಗ್ಯಾಸ್ ಇರಬೇಕು, ಮಲಗಿಸು ಅಂದೆ ನೀನು. ಮಲಗಿಸಿದೆ. ಅವರು ಏಳಲಿಲ್ಲ. ಅದನ್ನು ನಾನು ಬಿಟ್ಟಿಲ್ಲ, ಬಿಡುವುದಕ್ಕೂ ಬರುವುದಿಲ್ಲ. ಆದರೆ ಈಗ ಅವಳ ಹತ್ತಿರ ಏನು ಮಾತಾಡಬೇಕು ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿರಬಹುದು.

ಅಕ್ಕ


ಸೆಪ್ಟೆಂಬರ್ 26

ಅಕ್ಕನಿಗೆ,

ನನಗೂ ಬರೆದಿಲ್ಲ. ನಾನು ಎರಡು ಕಾಗದ ಹಾಕಿದೆ. ಉತ್ತರವಿಲ್ಲ.

ಅಪ್ಪನ ವಿಷಯದಲ್ಲಿ ನೀನು ಹೇಳಿದ್ದು ಅಕ್ಷರ ಅಕ್ಷರ ಸರಿ. ನಾನು ನಾನೂರು ಮೈಲಿ ದೂರ ಕೂತು, ನೋಡದೆ, ಕೈ ಹಿಡಿದು ನಾಡಿ ಎಣಿಸದೆ ಹೇಳಿದೆ. ಆವತ್ತು ನನ್ನ ಕೋಣೆಯಲ್ಲಿ ಒಂಬತ್ತು ಜನ ಕಾಯುತ್ತಿದ್ದರು, ಫೋನ್ ಬೇಗ ಇಡಬೇಕಿತ್ತು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ನೆಪ ಆಗುತ್ತದೆ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದು ಇನ್ನೂ ಕೆಟ್ಟದಾಯಿತು.

ಅವಳ ಹತ್ತಿರ ಏನೂ ಕೇಳಬೇಡ. ಪಕ್ಕದ ಮನೆಯ ಸುದ್ದಿ, ಹೊಲಿಗೆಯ ಸುದ್ದಿ ಹೇಳು. ಯಾರದೋ ರವಿಕೆಯ ತೋಳು ಬಿಗಿಯಾಯಿತು ಅಂತ ಬೈದುಕೋ. ದಿನಾ ಒಂದು ಕಾರ್ಡು ಹಾಕು. ಉತ್ತರ ಬರುತ್ತದೆ ಅಂತ ಕಾಯಬೇಡ.

ಕಣ್ಣಿನದು ಪೊರೆ ಇರಬೇಕು. ಇರಬೇಕು ಅಂತ ನಾನು ಹೇಳಬಾರದು. ಡಾಕ್ಟರಿಗೆ ತೋರಿಸು. ನೀನು ಒಪ್ಪಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ತಂಗಿ


ಅಕ್ಟೋಬರ್ 25

ಚಿಕ್ಕಮ್ಮನಿಗೆ,

ಅಮ್ಮ ದಿನಾ ಒಂದು ಕಾರ್ಡು ಹಾಕುತ್ತಿದ್ದಾಳೆ. ಅಂಚೆ ಇಲ್ಲಿಗೆ ವಾರಕ್ಕೊಮ್ಮೆ ಬರುವುದರಿಂದ ಏಳೂ ಒಟ್ಟಿಗೆ ಸಿಗುತ್ತವೆ. ಹದಿನಾಲ್ಕು ಕಾರ್ಡು ಓದಿದಮೇಲೆ ಇದನ್ನು ಬರೆಯಲು ಕೂತೆ.

ಆಗಸ್ಟ್ 25, ಬೆಳಿಗ್ಗೆ ಎಂಟು ಗಂಟೆ. ನನ್ನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಲು ಕೆಳಗಿನಿಂದ ಗಾಡಿ ಬರುತ್ತಿತ್ತು. ನಾನು ಚೀಲ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಕೊನೆಯ ತಿರುವಿನಲ್ಲಿ ರಸ್ತೆಯ ಅಂಚು ಕುಸಿದು ಗಾಡಿ ಉರುಳಿತು. ನನ್ನ ಕಣ್ಣೆದುರೇ.

ಗಾಡಿಯಲ್ಲಿ ಇಬ್ಬರಿದ್ದರು, ಡ್ರೈವರ್ ಮತ್ತು ಒಬ್ಬ ಸೈನಿಕ. ಸೈನಿಕ ಹೊರಗೆ ಬಿದ್ದು ಕಿರುಚುತ್ತಿದ್ದ. ಡ್ರೈವರ್ ಸ್ಟೀರಿಂಗಿಗೆ ಒತ್ತಿಕೊಂಡು ಸುಮ್ಮನಿದ್ದರು, ತುಟಿ ನೀಲಿಯಾಗಿತ್ತು. ಕಿರುಚುವವನು ಉಸಿರಾಡುತ್ತಿದ್ದಾನೆ, ಸುಮ್ಮನಿರುವವನನ್ನು ಮೊದಲು ನೋಡು ಅಂತ ನಮಗೆ ಕಲಿಸಿದ್ದಾರೆ. ಸೈನಿಕನ ಕಡೆ ಒಮ್ಮೆ ಕಣ್ಣಾಡಿಸಿದೆ. ದಪ್ಪ ಮಳೆ ಪ್ಯಾಂಟು, ಬೂಟು, ರಕ್ತ ಕಾಣಲಿಲ್ಲ. ಡ್ರೈವರ್ ಹತ್ತಿರ ಹೋದೆ. ಎದೆ ಜಜ್ಜಿಹೋಗಿತ್ತು. ಅವರನ್ನು ಹೊರಗೆ ತೆಗೆದು ಮಲಗಿಸಿದಾಗ ಕಣ್ಣು ಬಿಟ್ಟು, "ಪರೀಕ್ಷೆ ಎಷ್ಟೊತ್ತಿಗಮ್ಮ?" ಅಂದರು. ನಾಳೆ ಹತ್ತಕ್ಕೆ ಅಂದೆ. ಆಮೇಲೆ ಅವರು ಮಾತಾಡಲಿಲ್ಲ. ನಾನು ಉಸಿರು ಕೊಡುತ್ತಲೇ ಇದ್ದೆ. ಎಷ್ಟು ಹೊತ್ತು ಅಂತ ಲೆಕ್ಕ ತಪ್ಪಿತು. ಒಮ್ಮೆ ತಲೆ ಎತ್ತಿದಾಗ ಸೈನಿಕ ಕಿರುಚುವುದನ್ನು ನಿಲ್ಲಿಸಿದ್ದ. ಅವನ ಬೂಟಿನ ತುಂಬ ರಕ್ತ.

ಪಟ್ಟಿ ಬಿಗಿದೆ. ಇಪ್ಪತ್ತೆರಡು ಎಣಿಸುವುದರೊಳಗೇ. ಅವನು ಬದುಕಿದ. ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದರು.

ಚಿಕ್ಕಮ್ಮ, ನನ್ನ ಹಿಂದೆ ಐದು ಜನ ಓಡಿಬಂದಿದ್ದರು. ಅವನ ತಲೆ ಹತ್ತಿರ ಕೂತು, "ಏನೂ ಆಗಲ್ಲ, ಏನೂ ಆಗಲ್ಲ" ಅನ್ನುತ್ತಿದ್ದರು. ಹತ್ತು ಕೈ ಇದ್ದವು ಅಲ್ಲಿ.

ವಿಚಾರಣೆಯಲ್ಲಿ ನನ್ನದು ತಪ್ಪಿಲ್ಲ ಅಂತ ಬರೆದರು. ಅಧಿಕಾರಿ ಆ ಹಾಳೆಯ ನಕಲು ಕೊಟ್ಟು, "ಇಟ್ಕೋ, ಮುಂದೆ ಬೇಕಾಗತ್ತೆ" ಅಂದರು.

ಇನ್ನೊಂದು ಮಾತು. ಜನವರಿಯಲ್ಲಿ ಆ ಫಾರ್ಮಿನಲ್ಲಿ ನಾನು ಮೊದಲು ಬರೆದಿದ್ದು ಪಡೆಯ ಮೆಡಿಕ್ ಅಂತಲೇ. ನೀವು ಹೇಳಿದ ಹಾಗೆ ಬರೆದೆ ಅಂತ ನಿಮಗೆ ಸುಳ್ಳು ಹೇಳಿದೆ. ನಿಮ್ಮ ಮಾತನ್ನು ಕೇಳಿದ್ದು ಒಂದೇ ಸಲ, ಪರೀಕ್ಷೆಯ ವಿಷಯದಲ್ಲಿ. ಇನ್ನು ಆ ಪರೀಕ್ಷೆ ಬರೆಯುವುದಿಲ್ಲ. ನಿಮ್ಮ ಮೇಲೆ ಸಿಟ್ಟಿದೆಯೇ ಅಂತ ಎರಡು ತಿಂಗಳು ಯೋಚಿಸಿದೆ. ಗೊತ್ತಾಗಲಿಲ್ಲ. ಸುಸ್ತಾಗಿದೆ, ಅಷ್ಟು ಗೊತ್ತು.

ಮೊಂಡಿ


ನವೆಂಬರ್ 2

ಮೊಂಡಿಗೆ,

ಆ ಗಾಡಿ ನಿನಗಾಗಿ ಬಂತು. ನೀನು ಕೇಳಿದೆ ಅಂತ ಬಂತು, ನಾನು ಹೇಳಿದೆ ಅಂತ ನೀನು ಕೇಳಿದೆ. ಅದು ಹಾಗಲ್ಲ ಅಂತ ಸಮಾಧಾನ ಹೇಳಿದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಮೊದಲೇ ಕಟ್ಟಿದ್ದರೆ ಅವನ ಕಾಲು ಉಳಿಯುತ್ತಿತ್ತೇ? ಇಲ್ಲಿಯ ಸರ್ಜನ್ ಒಬ್ಬರನ್ನು ಕೇಳಿದೆ. ನೋಡದೆ ಹೇಳಲಾರೆ ಅಂದರು. ಅವರ ಮೇಲೆ ಗೌರವ ಬಂತು.

ನಾವು ಅಕ್ಕತಂಗಿ ಮಾತು ಬಿಟ್ಟ ಕಾರಣವನ್ನು ನಿನಗೆ ಯಾರೂ ಹೇಳಲಿಲ್ಲ ಅಂದಿದ್ದೆ. ನಾನು ಹೇಳುತ್ತೇನೆ. ನಿನ್ನ ತಾತನಿಗೆ ಎದೆ ಉರಿ ಅಂತ ಅಕ್ಕ ಫೋನ್ ಮಾಡಿದಳು. ಗ್ಯಾಸ್ ಅಂದೆ. ಹೃದಯಾಘಾತ ಅದು. ಸೇನೆಯಲ್ಲಿ ನನ್ನ ಕೈಯಲ್ಲಿ ಸತ್ತವರು ಹದಿಮೂರು ಜನ. ಅವರ ಮುಖ ಒಂದೊಂದೂ ನೆನಪಿದೆ, ಆದರೂ ನಿದ್ದೆ ಬರುತ್ತದೆ. ಅಪ್ಪನದು ಮಾತ್ರ ಬಿಡುವುದಿಲ್ಲ. ಮರು ವರ್ಷವೇ ಸೇನೆ ಬಿಟ್ಟೆ. ಹದಿನೆಂಟು ವರ್ಷ ಸಾಕಾಯಿತು ಅಂತ ಎಲ್ಲರಿಗೂ ಹೇಳಿದೆ. ಸಾಕಾಗಿರಲಿಲ್ಲ. ಇನ್ನೊಬ್ಬರ ಎದೆಯ ಮೇಲೆ ಕೈಯಿಡಲು ಧೈರ್ಯ ಸಾಲಲಿಲ್ಲ. ಈ ಕೋಣೆಯಲ್ಲಿ ಸೂಜಿ ಮುಟ್ಟಲು ಬಿಡುವುದಿಲ್ಲ ಅಂತ ನಿನ್ನ ಹತ್ತಿರ ಗೊಣಗಿದೆನಲ್ಲ, ಅದರಲ್ಲಿ ಅರ್ಧ ಸುಳ್ಳು. ಮುಟ್ಟಬೇಕಾಗಿಲ್ಲ ಅನ್ನುವುದೇ ನನಗೆ ನೆಮ್ಮದಿಯಾಗಿತ್ತು.

ಫಾರ್ಮಿನ ವಿಷಯ ನನಗೆ ಮಾರ್ಚಿನಲ್ಲೇ ಗೊತ್ತಾಯಿತು. ಇಪ್ಪತ್ತೆರಡು ಎಣಿಸಿದ ಸಂತೋಷದಲ್ಲಿ ನೀನು, ಕೇಳಿದ್ದು ಸಿಗದೆ ಬೇಜಾರಾಯಿತು ಅಂತ ಬರೆಯುವುದನ್ನೇ ಮರೆತಿದ್ದೆ.

ಪರೀಕ್ಷೆ ಬರೆ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಮುಂದಿನ ವಾರ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಅವಳ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿದೆ. "ಬಾ, ಆದ್ರೆ ಅಡುಗೆಮನೆಗೆ ಕೈ ಹಾಕಬೇಡ" ಅಂದಳು ಫೋನಿನಲ್ಲಿ. ಮಾತು ಮುಗಿದ ಮೇಲೂ ಯಾರೂ ಫೋನ್ ಇಡಲಿಲ್ಲ.

ಚಿಕ್ಕಮ್ಮ


ಮಾರ್ಚ್ 8

ಅಮ್ಮನಿಗೆ, ಚಿಕ್ಕಮ್ಮನಿಗೆ,

ಇಬ್ಬರಿಗೂ ಒಂದೇ ಕಾಗದ. ಚಿಕ್ಕಮ್ಮ ಅಲ್ಲಿಗೆ ಬಂದಾಗ ಓದಿ ಹೇಳಲಿ, ಅಮ್ಮ ನಡುವೆ ಬಾಯಿ ಹಾಕದಿರಲಿ.

ನವೆಂಬರಿನಲ್ಲಿ ಕೆಳಗಿನ ಆಸ್ಪತ್ರೆಗೆ ಹೋಗಿ ಆ ಸೈನಿಕನನ್ನು ನೋಡಿದೆ. ಮಂಚದ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿದುಕೊಳ್ಳುತ್ತಿದ್ದ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನೇ ಮೊದಲು ಅಂದ, "ಮೇಡಂ, ನನಗೆ ನಿಮ್ಮ ಮೇಲೆ ಕೋಪ ಬರ್ತಿತ್ತು. ಈಗ್ಲೂ ಒಂದೊಂದು ದಿನ ಬರತ್ತೆ. ಆದ್ರೆ ಆವತ್ತು ನನ್ನ ತಲೆ ಹತ್ತಿರ ಕೂತಿದ್ರಲ್ಲ ಆ ಐದು ಜನ, ಅವರಿಗೆ ಒಂದು ಬಟ್ಟೆ ಕಟ್ಟೋಕಾದ್ರೂ ಬಂದಿದ್ರೆ." ಅಷ್ಟೇ ಅಂದ. ಗುಂಡಿ ಹೊಲಿಯುವುದನ್ನು ಮುಂದುವರಿಸಿದ. ನಾನು ಸ್ವಲ್ಪ ಹೊತ್ತು ದಾರ ಹಿಡಿದು ಕೂತಿದ್ದು ಬಂದೆ.

ಬಂದ ಮರುದಿನ ಅಧಿಕಾರಿಯ ಹತ್ತಿರ ಹೋದೆ. ವಾರಕ್ಕೆ ಮೂರು ದಿನ, ಬೆಳಗಿನ ತಿಂಡಿಯ ಮೇಲೆ ಅರ್ಧ ಗಂಟೆ, ಠಾಣೆಯ ಎಲ್ಲರೂ ನನಗೆ ಬೇಕು ಅಂದೆ. ಆ ಐದು ಜನ ಮೊದಲು ಬಂದರು. ಕರೆಯುವ ಮುಂಚೆಯೇ. ಮೂರು ತಿಂಗಳು ಒಬ್ಬರ ತೊಡೆಗೆ ಒಬ್ಬರು ಪಟ್ಟಿ ಬಿಗಿದರು, ಬೈದುಕೊಂಡರು, ಕುಂಟಿದರು. ಈಗ ಮೂವತ್ತೊಂದು ಜನಕ್ಕೆ ಬರುತ್ತದೆ. ಅವರ ಹೆಸರುಗಳನ್ನು ನನ್ನ ಪುಸ್ತಕದಲ್ಲಿ ಬರೆದು ಅಧಿಕಾರಿಯ ಸಹಿ ಮಾಡಿಸಿದೆ.

ಫೆಬ್ರವರಿ 24ಕ್ಕೆ ಮತ್ತೆ ಪರೀಕ್ಷೆ ಇತ್ತು. ನಾನು ಅರ್ಜಿ ಹಾಕಿದ್ದನ್ನು ನಿಮಗೆ ಹೇಳಲಿಲ್ಲ. ಹೇಳಿದರೆ ಆಗುವುದಿಲ್ಲವೇನೋ ಅನ್ನಿಸಿತು. ಗಾಡಿ ಬರುವುದು ಬೇಡ ಅಂತ ಹೇಳಿ, ದೊಡ್ಡ ರಸ್ತೆಯವರೆಗೆ ಎರಡು ಗಂಟೆ ನಡೆದುಕೊಂಡೇ ಇಳಿದು ಬಸ್ಸು ಹಿಡಿದೆ. ಪರೀಕ್ಷೆ ಬರೆದೆ. ಹೇಗೆ ಬರೆದೆ ಅಂತ ಕೇಳಬೇಡಿ.

ಎರಡು ದಿನ ಬಿಟ್ಟು ಠಾಣೆಗೆ ವಾಪಸು ಬಂದರೆ ಅಡುಗೆಯವರು ಅಂಗಳದಲ್ಲಿ ಕೂತಿದ್ದರು, ಎಡಗೈಗೆ ಕಟ್ಟು. ಹಿಂದಿನ ದಿನ ಬೆಳಿಗ್ಗೆ ಕತ್ತಿ ಜಾರಿ ಅಂಗೈ ಸೀಳಿತಂತೆ, ನೆಲವೆಲ್ಲ ರಕ್ತವಂತೆ. ಕಾವಲಿನವನು ಓಡಿಬಂದು ಒತ್ತಿ ಹಿಡಿದ, ಇನ್ನೊಬ್ಬ ಕಟ್ಟಿದ, ಮೂರನೆಯವನು ಅಂಚೆಯ ಗಾಡಿಯನ್ನು ತಡೆದು ನಿಲ್ಲಿಸಿದ, ಕೆಳಗೆ ಒಯ್ದು ಎಂಟು ಹೊಲಿಗೆ ಹಾಕಿಸಿಕೊಂಡು ಬಂದರು. ನಾನು ಕಲಿಸಿದ ಹಾಗೆಯೇ, ಎಷ್ಟು ಹೊತ್ತಿಗೆ ಕಟ್ಟಿದ್ದು ಅಂತ ಅವರ ಮೊಣಕೈ ಮೇಲೆ ಪೆನ್ನಿನಲ್ಲಿ ಬರೆದಿದ್ದರು. ಡಾಕ್ಟರು ಯಾರು ಕಟ್ಟಿದ್ದು ಅಂತ ಕೇಳಿದರಂತೆ.

"ನನ್ನನ್ನ ಯಾಕೆ ಕರೆಸಲಿಲ್ಲ?" ಅಂದೆ.

ಅಡುಗೆಯವರು ಕಟ್ಟಿದ ಕೈಯನ್ನು ತಿರುಗಿಸಿ ನೋಡಿಕೊಂಡು, "ಬೇಕಾಗಲಿಲ್ಲ ಮೇಡಂ" ಅಂದರು.

ನಾನು ಕಟ್ಟನ್ನು ಬಿಚ್ಚಿ ನೋಡಿದೆ. ಎಲ್ಲ ಸರಿಯಾಗಿತ್ತು. ಮತ್ತೆ ಕಟ್ಟಿದೆ. ಆಮೇಲೆ ನನ್ನ ತಗಡಿನ ಕೋಣೆಗೆ ಹೋಗಿ, ಬೂಟು ಬಿಚ್ಚಿ, ಮಟಮಟ ಮಧ್ಯಾಹ್ನ ಬಾಗಿಲು ತೆರೆದಿಟ್ಟೇ ಮಲಗಿದೆ. ಆರು ತಿಂಗಳಲ್ಲಿ ಮೊದಲ ಸಲ ಕಣ್ತುಂಬ ನಿದ್ದೆ ಬಂತು. ಸಂಜೆಯವರೆಗೂ ಯಾರೂ ಎಬ್ಬಿಸಲಿಲ್ಲ.

ನಿಮ್ಮಿಬ್ಬರ
ಮೊಂಡಿ